ಹೊರಳಿದ ಕಿವಿ

ಪೂರ್ವ ಫಿನ್ಲೆಂಡಿನ ಕುಹ್ಮೊ ಎಂಬ ಊರಿನಾಚೆ, ರಷ್ಯಾದ ಗಡಿಗೆ ಹತ್ತಿರದ ಜೌಗು ನೆಲದ ಅಂಚಿನಲ್ಲಿ, ಹಲಗೆಯಿಂದ ಮಾಡಿದ ಸಣ್ಣ ಗೂಡೊಂದರೊಳಗೆ ಜೂನ್ ತಿಂಗಳ ಒಂದು ಇಡೀ ರಾತ್ರಿಯನ್ನು ನಾನು ಕುಳಿತೇ ಕಳೆದೆ. ಛಾಯಾಗ್ರಾಹಕರು ಅದನ್ನು ಹೈಡ್ ಎನ್ನುತ್ತಾರೆ. ಸಂಜೆ ಐದು ಗಂಟೆಗೆ ಒಳಗೆ ಹೋದವರು ಮರುದಿನ ಬೆಳಗ್ಗೆ ಏಳರವರೆಗೆ ಬಾಗಿಲು ತೆರೆಯುವಂತಿಲ್ಲ, ಕೆಮ್ಮುವಂತಿಲ್ಲ. ಬಟ್ಟೆಯ ಕಿಂಡಿಯಿಂದ ಲೆನ್ಸಿನ ಮೂತಿಯೊಂದೇ ಹೊರಗಿರುತ್ತದೆ. ರಾತ್ರಿ ಎಂದೆನಾದರೂ ಅಲ್ಲಿ ಕತ್ತಲೆ ಇರಲಿಲ್ಲ. ಅಷ್ಟು ಉತ್ತರದಲ್ಲಿ ಬೇಸಿಗೆಯ ಸೂರ್ಯ ಮುಳುಗಿದ ಮೇಲೂ ಬೆಳಕು ಆಕಾಶವನ್ನು ಬಿಟ್ಟು ಹೋಗುವುದಿಲ್ಲ. ಬೂದಿ ಬಣ್ಣಕ್ಕೆ ತಿರುಗಿ, ನೆಲದ ಪಾಚಿಯ ಮೇಲೆ ಕುಳಿತು, ಮತ್ತೆ ಮೇಲೇಳುತ್ತದೆ.

ಒಂದೂವರೆಯ ಹೊತ್ತಿಗೆ ತೋಳವೊಂದು ಬಂತು. ರೇವನ್ ಎಂಬ ದೊಡ್ಡ ಕಾಗೆಗಳು ಅದಕ್ಕೂ ಮೊದಲೇ ಬಂದು, ಒಣಗಿ ನಿಂತ ಪೈನ್ ಮರವೊಂದರ ಮೇಲೆ ಕುಳಿತಿದ್ದವು. ತೋಳ ತಲೆ ತಗ್ಗಿಸಿ ತಿನ್ನತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಕಾಗೆಗಳಲ್ಲೊಂದು ಗಂಟಲಿನ ಆಳದಿಂದ ಎರಡು ಸಲ ಮೆಲ್ಲಗೆ ಸದ್ದು ಮಾಡಿತು. ತೋಳ ತಿನ್ನುವುದನ್ನು ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ, ಆದರೆ ಅದರ ಎಡಗಿವಿ ಮಾತ್ರ ಹಿಂದಕ್ಕೆ ಹೊರಳಿ ಆ ಮರದತ್ತ ನಿಂತಿತು. ನಾನು ಶಟರ್ ಒತ್ತಿದ್ದು ಆಗ. ಮರುಕ್ಷಣ ತೋಳ ತಲೆಯೆತ್ತಿ ಕಾಡಿನ ಅಂಚನ್ನು ನೋಡಿತು, ನಾಲ್ಕು ಹೆಜ್ಜೆ ಸರಿದು ನಿಂತಿತು. ಮೂರು ನಾಲ್ಕು ನಿಮಿಷಗಳ ನಂತರ ಅದೇ ಅಂಚಿನಿಂದ ಕರಡಿಯೊಂದು ಹೊರಬಂತು. ಅದು ಬರುತ್ತಿರುವ ಸುಳಿವು ನನಗೆ ಎಳ್ಳಷ್ಟೂ ಸಿಕ್ಕಿರಲಿಲ್ಲ.

ಆ ರಾತ್ರಿ ತೆಗೆದ ನೂರಾರು ಚಿತ್ರಗಳಲ್ಲಿ ಕರಡಿ ಮತ್ತು ತೋಳ ಎದುರುಬದುರಾಗಿ ನಿಂತ ಚಿತ್ರಗಳೂ ಇವೆ. ನಾನು ಮುದ್ರಿಸಿ ಗೋಡೆಗೆ ಹಾಕಿಕೊಂಡದ್ದು ಮಾತ್ರ ಕರಡಿಯಿಲ್ಲದ ಆ ಒಂದು ಚಿತ್ರವನ್ನು. ತಗ್ಗಿದ ತಲೆ, ಹೊರಳಿದ ಕಿವಿ, ಹಿನ್ನೆಲೆಯಲ್ಲಿ ಮಸುಕಾಗಿ ಕೊಕ್ಕು ಅರೆತೆರೆದ ಕಪ್ಪು ಹಕ್ಕಿ. ಕಾಗೆ ತೋಳಕ್ಕೆ ಎಚ್ಚರಿಕೆ ಕೊಟ್ಟಿತು ಎಂದು ನಾನು ಹೇಳಲಾರೆ. ಅದು ಪಕ್ಕದ ಇನ್ನೊಂದು ಕಾಗೆಗೆ ಹೇಳಿದ ಮಾತಾಗಿರಬಹುದು, ಮಾತೇ ಅಲ್ಲದಿರಲೂಬಹುದು. ಆದರೆ ತೋಳ ಅದನ್ನು ಕೇಳಿಸಿಕೊಂಡಿತು ಎಂಬುದು ಚಿತ್ರದಲ್ಲಿ ಕಣ್ಣಿಗೆ ಕಾಣುವಂತಿದೆ. ಉತ್ತರದ ಕಾಡುಗಳಲ್ಲಿ ಜೀವಿಗಳ ನಡುವಿನ ಸಂವಹನವನ್ನು ಚಿತ್ರಿಸಬೇಕೆಂದು ಕೆಲವು ವರ್ಷಗಳಿಂದ ಅಲೆಯುತ್ತಿರುವ ನನಗೆ ಕೈಗೆ ಹತ್ತಿದ ಒಂದೇ ಹಿಡಿಕೆ ಇದು: ಕ್ಯಾಮೆರಾಕ್ಕೆ ಮಾತು ಸಿಗುವುದಿಲ್ಲ, ಕೇಳಿಸಿಕೊಳ್ಳುವಿಕೆ ಸಿಗುತ್ತದೆ. ಒಂದು ಜೀವಿ ಇನ್ನೊಂದರ ಕಾರಣದಿಂದ ತನ್ನ ಮೈಯನ್ನು ಬದಲಿಸಿಕೊಳ್ಳುವ ಆ ಸಣ್ಣ ಗಳಿಗೆ ಬೆಳಕಿನ ಎಟುಕಿಗೆ ಬರುವಂಥದ್ದು.

2013ರಲ್ಲಿ ಫಿನ್ಲೆಂಡಿನ ಛಾಯಾಗ್ರಾಹಕ ಲಸ್ಸಿ ರೌಟಿಯೈನೆನ್ ಒಂದು ಹೆಣ್ಣು ತೋಳ ಮತ್ತು ಒಂದು ಗಂಡು ಕರಡಿ ರಾತ್ರಿಯ ಮೇಲೆ ರಾತ್ರಿ ಒಟ್ಟಿಗೆ ಕಾಣಿಸಿಕೊಂಡು ಒಂದೇ ಬೇಟೆಯ ಮಾಂಸವನ್ನು ಹಂಚಿಕೊಂಡು ತಿನ್ನುವುದನ್ನು ಚಿತ್ರಿಸಿದರು. ಸಂಜೆಗೆಂಪಿನಲ್ಲಿ ಅಕ್ಕಪಕ್ಕ ಕುಳಿತ ಆ ಎರಡು ಆಕೃತಿಗಳನ್ನು ನೀವೂ ಎಲ್ಲಾದರೂ ನೋಡಿರುತ್ತೀರಿ. ಜಗತ್ತೆಲ್ಲ ಸುತ್ತಿದ ಚಿತ್ರಗಳವು. ಹೋದಲ್ಲೆಲ್ಲ ಅವುಗಳಿಗೆ ಸ್ನೇಹ ಎಂಬ ಹೆಸರು ಅಂಟಿಕೊಂಡಿತು. ನನಗೆ ಆ ಚಿತ್ರಗಳು ಪ್ರಾಣಪ್ರಿಯವಾದವು, ಆ ಹೆಸರು ಮಾತ್ರ ಹಿಡಿಸುವುದಿಲ್ಲ. ಅದು ಸುಳ್ಳು ಎಂಬ ಕಾರಣಕ್ಕಲ್ಲ; ಸುಳ್ಳೋ ನಿಜವೋ ಚಿತ್ರದಿಂದ ತಿಳಿಯಲು ಬರುವುದಿಲ್ಲ. ಚಿತ್ರದಲ್ಲಿ ನಿಜಕ್ಕೂ ಕಾಣುವುದು ಇನ್ನೂ ಸೂಕ್ಷ್ಮವಾದದ್ದು: ಎರಡು ಬೇಟೆಗಾರ ಪ್ರಾಣಿಗಳು ತಮ್ಮ ನಡುವೆ ಎಷ್ಟು ಅಂತರ ಇರಬೇಕೆಂಬುದನ್ನು ಅಳೆದು, ಮತ್ತೆ ಅಳೆದು, ರಾತ್ರಿಯಿಂದ ರಾತ್ರಿಗೆ ಅದನ್ನು ಕಡಿಮೆ ಮಾಡಿಕೊಂಡಿವೆ. ಸ್ನೇಹ ಎಂದುಬಿಟ್ಟರೆ ಆ ಅಳತೆಯನ್ನು ನೋಡುವ ತಾಳ್ಮೆ ನಮಗೆ ಉಳಿಯುವುದಿಲ್ಲ.

ಹೈಡಿನಲ್ಲಿ ಕುಳಿತವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ನಾನು ಕುಳಿತ ಗೂಡಿನ ಎದುರು ಮಾಂಸವನ್ನು ತಂದಿಟ್ಟವರು ಮನುಷ್ಯರು. ತೋಳ, ಕಾಗೆ, ಕರಡಿ ಮೂರನ್ನೂ ಒಂದೇ ಚೌಕಟ್ಟಿನೊಳಗೆ ಕರೆದದ್ದು ಆ ಮಾಂಸ. ಅಂದಮೇಲೆ ಅಲ್ಲಿ ನಡೆದ ಸಂವಾದದಲ್ಲಿ ನಾನೂ ಒಬ್ಬ ಪಾಲುದಾರ. ಮೊದಲ ಮಾತನ್ನು ಆಡಿದ್ದೇ ನಮ್ಮ ಕಡೆಯವರು. ಚಿತ್ರದ ಕೆಳಗೆ ಇದನ್ನು ಬರೆಯದೆ ಅದನ್ನು ಯಾರಿಗೂ ತೋರಿಸಬಾರದೆಂದು ನಾನು ನಿರ್ಧರಿಸಿಕೊಂಡಿದ್ದೇನೆ.

ಈ ಪಾಲುದಾರಿಕೆ ವನ್ಯಜೀವಿ ಛಾಯಾಗ್ರಹಣದಷ್ಟೇ ಹಳೆಯದು. ಅಮೆರಿಕದ ಜಾರ್ಜ್ ಶೈರಸ್ ಎಂಬ ವಕೀಲರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಸುಪೀರಿಯರ್ ಸರೋವರದ ಸುತ್ತಲಿನ ಉತ್ತರದ ಕಾಡುಗಳಲ್ಲಿ, ಬಂದೂಕನ್ನು ಕೆಳಗಿಟ್ಟು ಕ್ಯಾಮೆರಾ ಹಿಡಿದರು. ಅವರ ವಿಧಾನವು ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರ ಬೇಟೆಯ ಕ್ರಮದಿಂದ ಬಂದದ್ದು: ರಾತ್ರಿ ದೋಣಿಯ ಮುಂಭಾಗದಲ್ಲಿ ಬೆಂಕಿ ಉರಿಸಿಕೊಂಡು ಸದ್ದಿಲ್ಲದೆ ದಡದಗುಂಟ ತೇಲಿದರೆ, ನೀರಿಗೆ ಬಂದ ಜಿಂಕೆ ಓಡದೆ ಬೆಳಕನ್ನೇ ನೋಡುತ್ತ ನಿಲ್ಲುತ್ತದೆ. ಶೈರಸ್ ಆ ನಿಂತ ಗಳಿಗೆಯಲ್ಲಿ ಮೆಗ್ನೀಸಿಯಂ ಪುಡಿಯನ್ನು ಸಿಡಿಸಿ ಚಿತ್ರ ತೆಗೆದರು. ಮುಂದೆ ಅವರು ಪ್ರಾಣಿಯೇ ಎಡವಿ ಎಳೆಯುವಂತೆ ತಂತಿ ಕಟ್ಟಿ, ಮನುಷ್ಯರಿಲ್ಲದೆಯೇ ಚಿತ್ರ ತೆಗೆಯುವ ಕ್ಯಾಮೆರಾವನ್ನೂ ಕಾಡಿನಲ್ಲಿಟ್ಟರು. 1906ರ ಜುಲೈ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯಲ್ಲಿ ಅವರ 74 ಚಿತ್ರಗಳು ಒಟ್ಟಿಗೆ ಅಚ್ಚಾದವು. 1990ರ ದಶಕದಲ್ಲಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳನ್ನು ಪಟ್ಟೆಯಿಂದ ಗುರುತಿಸಿ ಎಣಿಸಲು ಬಳಸಿದ ಕ್ಯಾಮೆರಾ ಟ್ರ್ಯಾಪ್‌ಗಳು ಆ ತಂತಿಯ ವಂಶಕ್ಕೇ ಸೇರಿದವು.

ಶೈರಸ್ಸರ ಜಿಂಕೆಗಳನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಕಪ್ಪು ನೀರಿನಲ್ಲಿ ಬೆಳ್ಳಗೆ ನಿಂತ ಮೈ, ಮುಂದಕ್ಕೆ ಚಾಚಿದ ಕಿವಿ, ನೇರ ಲೆನ್ಸಿನೊಳಗೆ ನೆಟ್ಟ ಕಣ್ಣು. ಕಾಡಿನ ರಾತ್ರಿಯ ಮೊದಲ ಚಿತ್ರಗಳೆಂದು ಅವು ಹೆಸರಾಗಿವೆ, ಆದರೆ ಅವುಗಳಲ್ಲಿ ಇರುವುದು ಕಾಡಿನ ರಾತ್ರಿಯಲ್ಲ. ಒಂದು ಜಿಂಕೆ ಒಬ್ಬ ಮನುಷ್ಯನನ್ನು, ಅವನು ಯಾರೆಂದು ತಿಳಿಯದೆ, ಕೇಳಿಸಿಕೊಳ್ಳುತ್ತಿರುವ ದಾಖಲೆ ಅದು.

ಕಾಡು ಕೇಳಿಸಿಕೊಳ್ಳುತ್ತದೆ ಎಂಬ ಅರಿವು ನನಗೆ ಬಂದದ್ದು ಫಿನ್ಲೆಂಡಿನಲ್ಲಲ್ಲ. ಶಿರಸಿ ಸೀಮೆಯ ನಮ್ಮ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಮುಸುವಗಳ ಕೂಗಿನ ದನಿ ಬದಲಾದರೆ ಅಜ್ಜ ಕೈಯಲ್ಲಿದ್ದ ಕತ್ತಿಯನ್ನು ಹಾಗೆಯೇ ಹಿಡಿದು ನಿಲ್ಲುತ್ತಿದ್ದರು. ನಾಯಿಯೂ ನಿಲ್ಲುತ್ತಿತ್ತು, ನಾನೂ ನಿಲ್ಲುತ್ತಿದ್ದೆ. ಸಂಜೆಯಾದ ಮೇಲೆ ಅವರು ಹಾವನ್ನು ಹಾವೆಂದು ಕರೆಯುತ್ತಿರಲಿಲ್ಲ, ಹುಳ ಎನ್ನುತ್ತಿದ್ದರು. ಹೆಸರು ಹಿಡಿದು ಕರೆದರೆ ಅದಕ್ಕೆ ಕೇಳಿಸುತ್ತದೆ ಎಂಬ ನಂಬಿಕೆ. ಫಿನ್ನಿಷ್ ಭಾಷೆ ಕಲಿಯುವಾಗ ಕರಡಿಗೆ ಅವರಲ್ಲಿರುವ ಹೆಸರುಗಳ ರಾಶಿಯನ್ನು ಕಂಡು ನಾನು ಬೆರಗಾಗದೆ ಇದ್ದದ್ದು ಅದೇ ಕಾರಣಕ್ಕೆ. ಮೆಸಿಕ್ಯಾಮ್ಮೆನ್ ಎಂದರೆ ಜೇನಂಗೈಯವನು. ಇಂದು ಎಲ್ಲರೂ ಬಳಸುವ ಕರ್ಹು ಎಂಬ ಮಾತು ಕೂಡ ಮೂಲದಲ್ಲಿ ಒರಟು ಕೂದಲಿನವನು ಎಂಬ ಅರ್ಥದ ಮರೆಮಾತು. ಕಾಡಿಗೆ ಕಿವಿಯಿದೆ ಎಂದು ತಿಳಿದವರು ಹೀಗೆ ಮಾತನಾಡುತ್ತಾರೆ, ಅವರು ಅಡಿಕೆಯ ಬೆಟ್ಟದವರಾದರೂ ಸರಿ, ಪೈನ್ ಕಾಡಿನವರಾದರೂ ಸರಿ.

ಆದರೆ ನಾನು ಬಹುಪಾಲು ಚಳಿಗಾಲಗಳನ್ನು ಕೊಟ್ಟದ್ದು ಕರಡಿಗೂ ತೋಳಕ್ಕೂ ಅಲ್ಲ, ಕೂಕ್ಕೆಲಿ ಎಂಬ ಒಂದು ಹಕ್ಕಿಗೆ. ಸೈಬೀರಿಯನ್ ಜೇ ಎಂಬುದು ಅದರ ಇಂಗ್ಲಿಷ್ ಹೆಸರು. ಕಾಗೆಯ ಬಳಗದ್ದೇ ಆದರೂ ಕಾಗೆಗಿಂತ ಎಷ್ಟೋ ಚಿಕ್ಕದು. ಬೂದುಕಂದು ಮೈ, ರೆಕ್ಕೆಯಲ್ಲೂ ಬಾಲದಲ್ಲೂ ತುಕ್ಕಿನ ಕೆಂಪು. ಅದು ಹಾರಿದರೆ ಸದ್ದಾಗುವುದಿಲ್ಲ. ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಕುಳಿತವರ ಬಳಿಗೆ ತಾನಾಗಿಯೇ ಬಂದು ಎರಡು ಮೊಳ ದೂರದ ಕೊಂಬೆಯಲ್ಲಿ ಕೂರುವ ಈ ಹಕ್ಕಿಯನ್ನು ಬೇಟೆಗಾರರೂ ಮರಕಡಿಯುವವರೂ ಅದೃಷ್ಟದ ಹಕ್ಕಿಯೆಂದು ನಂಬಿದ್ದರು, ಅದಕ್ಕೆ ಕೇಡು ಮಾಡುತ್ತಿರಲಿಲ್ಲ. ಬೇಸಿಗೆಯಿಡೀ ಅದು ಹಣ್ಣು, ಹುಳು, ಮಾಂಸದ ಚೂರುಗಳನ್ನು ತನ್ನ ಅಂಟುಜೊಲ್ಲಿನಿಂದ ಮರದ ತೊಗಟೆಯ ಸಂದಿಗಳಲ್ಲೂ ಕಲ್ಲುಹೂವಿನ ಗೊಂಚಲುಗಳಲ್ಲೂ ಅಂಟಿಸಿಟ್ಟು, ಆರು ತಿಂಗಳ ಹಿಮದಲ್ಲಿ ಅವನ್ನೇ ಹುಡುಕಿ ತಿಂದು ಬದುಕುತ್ತದೆ.

ಇವು ಗುಂಪಾಗಿ ಬಾಳುತ್ತವೆ. ಒಂದು ಜೋಡಿ, ಮನೆ ಬಿಟ್ಟು ಹೋಗದೆ ಉಳಿದ ಅವುಗಳ ಒಂದೆರಡು ಮರಿಗಳು, ಜೊತೆಗೆ ಕೆಲವೊಮ್ಮೆ ಬೇರೆ ಕಡೆಯಿಂದ ಬಂದು ಸೇರಿದ ನಂಟಿಲ್ಲದವು. ಸ್ವೀಡನ್ನಿನ ಲ್ಯಾಪ್‌ಲ್ಯಾಂಡಿನ ಅರ್ವಿಡ್ಸ್‌ಯೌರ್ ಬಳಿಯ ಕಾಡುಗಳಲ್ಲಿ ಮೈಕೆಲ್ ಗ್ರೀಸರ್ ಎಂಬ ಜೀವಿವಿಜ್ಞಾನಿ ಇವುಗಳ ಎಚ್ಚರಿಕೆಯ ಕೂಗುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 2008ರಲ್ಲಿ ಅವರು ಪ್ರಕಟಿಸಿದ ಫಲಿತಾಂಶವನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಗಿಡುಗ ಕೊಂಬೆಯ ಮೇಲೆ ಸುಮ್ಮನೆ ಕುಳಿತಿದ್ದರೆ ಈ ಹಕ್ಕಿಗಳದು ಒಂದು ಬಗೆಯ ಕೂಗು, ಬೇಟೆ ಹುಡುಕುತ್ತ ಹಾರುತ್ತಿದ್ದರೆ ಇನ್ನೊಂದು, ಎರಗಿ ಬರುತ್ತಿದ್ದರೆ ಮತ್ತೊಂದು. ಶತ್ರು ಬಂದಿದೆ ಎಂದಷ್ಟೇ ಅಲ್ಲ, ಶತ್ರು ಈಗ ಏನು ಮಾಡುತ್ತಿದೆ ಎಂಬುದನ್ನೂ ಅವು ಹೇಳುತ್ತವೆ. ಧ್ವನಿಮುದ್ರಿಸಿದ ಕೂಗನ್ನು ಕೇಳಿಸಿದಾಗ, ಗಿಡುಗವೇ ಇಲ್ಲದಿದ್ದರೂ, ಉಳಿದ ಹಕ್ಕಿಗಳು ಆಯಾ ಕೂಗಿಗೆ ತಕ್ಕಂತೆ ಬೇರೆಬೇರೆಯಾಗಿ ನಡೆದುಕೊಂಡವು. ಅದಕ್ಕೂ ಮೊದಲಿನ ಇನ್ನೊಂದು ಅಧ್ಯಯನದಲ್ಲಿ ಅವರೂ ಸಂಗಡಿಗರೂ ಕಂಡುಕೊಂಡಂತೆ, ತಾಯಿಹಕ್ಕಿ ತನ್ನ ಸ್ವಂತ ಮರಿ ಜೊತೆಗಿದ್ದಾಗ ಹೆಚ್ಚು ಸಲ ಕೂಗುತ್ತದೆ, ನಂಟಿಲ್ಲದ ಹಕ್ಕಿ ಜೊತೆಗಿದ್ದಾಗ ಕಡಿಮೆ.

ಇದನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ಕೂಗುವ ಹಕ್ಕಿಯ ಚಿತ್ರ ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ತೆರೆದ ಕೊಕ್ಕು ಮೂರು ಕೂಗುಗಳಿಗೂ ಒಂದೇ. ಈಶಾನ್ಯ ಫಿನ್ಲೆಂಡಿನ ಕೂಸಮೊ ಸೀಮೆಯ ಒಂದು ಹಳೆಯ ಸ್ಪ್ರೂಸ್ ಕಾಡಿನಲ್ಲಿ ಫೆಬ್ರವರಿಯ ಆರು ದಿನ, ಸೊನ್ನೆಯ ಕೆಳಗೆ ಇಪ್ಪತ್ತು ಡಿಗ್ರಿಯ ಚಳಿಯಲ್ಲಿ, ಬ್ಯಾಟರಿಗಳನ್ನು ಒಳಅಂಗಿಯ ಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಂಡು ನಾನು ಕೂಗುವ ಹಕ್ಕಿಗೆ ಬೆನ್ನು ಮಾಡಿ ಕುಳಿತೆ. ಲೆನ್ಸು ಕೇಳುವ ಹಕ್ಕಿಗಳತ್ತ ಇತ್ತು. ಮೊದಲ ಮೂರು ದಿನ ಸಿಕ್ಕಿದ್ದು ಖಾಲಿ ಕೊಂಬೆಗಳು. ನಾಲ್ಕನೆಯ ದಿನ ಹಿಂದಿನಿಂದ ಬಿರುಸಾದ ಕೂಗೊಂದು ಬಂದ ಕೂಡಲೇ ಚೌಕಟ್ಟಿನಲ್ಲಿದ್ದ ಮೂರು ಹಕ್ಕಿಗಳಲ್ಲಿ ಎರಡು ಸ್ಪ್ರೂಸಿನ ದಟ್ಟ ಹಸಿರಿನೊಳಗೆ ಇಳಿದುಹೋದವು. ಮೂರನೆಯದು, ಎಳೆಯದಿರಬೇಕು, ಹಾರಲು ಮೈ ಕುಗ್ಗಿಸಿಕೊಂಡು ಇನ್ನೂ ಕೊಂಬೆ ಬಿಟ್ಟಿರಲಿಲ್ಲ. ಅವು ಬಿಟ್ಟುಹೋದ ಕೊಂಬೆಗಳಿಂದ ಹಿಮದ ಪುಡಿ ಎರಡು ತೆಳು ಪರದೆಗಳಂತೆ ಉದುರುತ್ತಿತ್ತು. ಆ ಚಿತ್ರದಲ್ಲಿ ಮಾತು ಇರುವುದು ಆ ಉದುರುವ ಹಿಮದಲ್ಲಿ. ಗಿಡುಗ ಇತ್ತೋ ಇಲ್ಲವೋ ನಾನು ತಿರುಗಿ ನೋಡುವಷ್ಟರಲ್ಲಿ ಕಾಣಲಿಲ್ಲ.

ಉತ್ತರದ ಕಾಡಿನ ಸಂವಹನ ಎಂದೊಡನೆ ಈಗ ಬಹಳ ಜನರ ಮನಸ್ಸಿಗೆ ಬರುವುದು ಮರಗಳ ಬೇರುಗಳನ್ನು ಒಂದಕ್ಕೊಂದು ಬೆಸೆಯುವ ನೆಲದಡಿಯ ಶಿಲೀಂಧ್ರಗಳ ಜಾಲ. 1997ರಲ್ಲಿ ಅರಣ್ಯವಿಜ್ಞಾನಿ ಸುಝಾನ್ ಸಿಮಾರ್ಡ್ ಮತ್ತು ಸಂಗಡಿಗರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮಾಡಿದ ಪ್ರಯೋಗವನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನಮ್ಮ ಹಿಮಾಲಯದ ಭೂರ್ಜದ ದಾಯಾದಿಯಾದ ಪೇಪರ್ ಬರ್ಚ್ ಸಸಿಗಳಿಗೂ ಡಗ್ಲಸ್ ಫರ್ ಸಸಿಗಳಿಗೂ ಇಂಗಾಲದ ಬೇರೆಬೇರೆ ಐಸೊಟೋಪುಗಳನ್ನು, ಅಂದರೆ ತೂಕದಿಂದ ಬೇರೆಯಾಗಿ ಗುರುತಿಸಬಹುದಾದ ಬಗೆಗಳನ್ನು, ಉಣಿಸಿ ನೋಡಿದಾಗ, ಇಂಗಾಲವು ಎರಡೂ ದಿಕ್ಕಿನಲ್ಲಿ ಸಾಗಿತ್ತು; ನೆರಳಿನಲ್ಲಿದ್ದ ಫರ್ ಸಸಿಗೆ ಹೆಚ್ಚು ಬಂದಿತ್ತು. ಅಲ್ಲಿಂದ ಮುಂದೆ ಮರಗಳು ಮಾತಾಡುತ್ತವೆ, ತಾಯಿಮರವು ಮಕ್ಕಳಿಗೆ ಉಣಿಸುತ್ತದೆ ಎಂಬ ಕಥೆಗಳು ಬೆಳೆದವು. 2023ರಲ್ಲಿ ಮೂವರು ವಿಜ್ಞಾನಿಗಳು, ಅವರಲ್ಲಿ ಒಬ್ಬರಾದ ಮೆಲನಿ ಜೋನ್ಸ್ ಆ 1997ರ ಪ್ರಬಂಧದ ಸಹಲೇಖಕಿಯೇ ಆಗಿದ್ದವರು, ನಿಜವಾದ ಕಾಡಿನಲ್ಲಿ ಇಂಥ ಜಾಲಗಳು ಎಷ್ಟು ವ್ಯಾಪಕ, ಅವುಗಳ ಮೂಲಕ ಸಾಗುವುದರಿಂದ ಸಸಿಗಳಿಗೆ ಪ್ರಯೋಜನವಾಗುತ್ತದೆಯೇ, ದೊಡ್ಡ ಮರಗಳು ತಮ್ಮ ಸಂತಾನಕ್ಕೆ ಎಚ್ಚರಿಕೆ ಕಳಿಸುತ್ತವೆಯೇ ಎಂಬುದಕ್ಕೆ ಇರುವ ಪುರಾವೆ ಜನಜನಿತವಾದ ಕಥೆಯಷ್ಟು ಗಟ್ಟಿಯಾಗಿಲ್ಲ ಎಂದು ಬರೆದರು. ತಾನು ಭಾಗಿಯಾದ ಕೆಲಸದಿಂದ ಹುಟ್ಟಿದ ಕಥೆಯನ್ನು ತಾನೇ ಮತ್ತೆ ತೂಗಿ ನೋಡಿದ ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಮರಗಳ ಬೇರಿನಿಂದ ಬೇರಿಗೆ ಹೊಳೆಯುವ ನೀಲಿ ಎಳೆಗಳನ್ನು ಕಂಪ್ಯೂಟರಿನಲ್ಲಿ ಬರೆದು ಸೇರಿಸಿದ ಕಾಡಿನ ಚಿತ್ರಗಳು ಇಂದು ಹೇರಳವಾಗಿವೆ. ಅಂಥದೊಂದನ್ನು ನಾನು ಎಂದೂ ಮಾಡುವುದಿಲ್ಲ. ಶಿಲೀಂಧ್ರವು ಬೇರಿನ ತುದಿಗೆ ಸುತ್ತಿಕೊಂಡು ನೀರನ್ನೂ ಲವಣಗಳನ್ನೂ ಕೊಟ್ಟು ಸಕ್ಕರೆಯನ್ನು ಪಡೆಯುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಅದನ್ನು ನೋಡಬೇಕೆಂದರೆ ಆಗಸ್ಟಿನ ಮಳೆಯ ನಂತರ ಬರ್ಚ್ ಮರದ ಬುಡದಲ್ಲಿ, ಅದೇ ಮರವನ್ನು ನಂಬಿ ಏಳುವ ಅಣಬೆಗಳ ಎದುರು ಮಂಡಿಯೂರಿ ಕುಳಿತರೆ ಸಾಕು.

ಕಣ್ಣಿಗೆ ಕಾಣುವ ಸಹಬಾಳ್ವೆ ಬೇಕೆಂದರೆ ಕಲ್ಲುಹೂವು ಇದೆ. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ನಂಟರು ಇಲ್ಲಿ ಹಳೆಯ ಸ್ಪ್ರೂಸ್ ಮರಗಳಿಂದ ಮುದುಕನ ಗಡ್ಡದಂತೆ ಮೊಳವುದ್ದ ಇಳಿಬಿದ್ದಿರುತ್ತವೆ. ಫಿನ್ನಿಷರು ಅದಕ್ಕೆ ನಾವ ಎನ್ನುತ್ತಾರೆ. ಇದು ಒಂದು ಜೀವಿಯಲ್ಲ, ಶಿಲೀಂಧ್ರ ಮತ್ತು ಪಾಚಿ ಕೂಡಿ ಕಟ್ಟಿದ ಮನೆ ಎಂದು ಸ್ವಿಸ್ ವಿಜ್ಞಾನಿ ಸೈಮನ್ ಶ್ವೆಂಡೆನರ್ 1860ರ ದಶಕದಲ್ಲಿ ಹೇಳಿದಾಗ, ಅದನ್ನು ಉಗ್ರವಾಗಿ ವಿರೋಧಿಸಿದವರಲ್ಲಿ ಫಿನ್ಲೆಂಡಿನ ವಿಲಿಯಂ ನೈಲಾಂಡರ್ ಒಬ್ಬರು. ಅದೇ ನೈಲಾಂಡರ್ 1866ರಲ್ಲಿ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಮರಗಳನ್ನು ನೋಡಿ, ನಗರದ ಗಾಳಿ ಕೆಟ್ಟಲ್ಲಿ ಕಲ್ಲುಹೂವು ಬಾಳುವುದಿಲ್ಲ ಎಂದು ಗುರುತಿಸಿದ್ದರು. ಮರದ ಮೇಲಿನ ಆ ಸಣ್ಣ ಚಿಪ್ಪು ಗಾಳಿಯ ವಿಷಯ ಹೇಳುತ್ತಿದೆ ಎಂದು ಮೊದಲಿಗೆ ಓದಿಕೊಂಡವರು, ಹೇಳುತ್ತಿರುವುದು ಒಂದಲ್ಲ ಎರಡು ಜೀವ ಎಂಬುದನ್ನು ಒಪ್ಪಲೇ ಇಲ್ಲ.

ಮನುಷ್ಯರೂ ಈ ಕಾಡಿನ ಜೀವಿಗಳೇ. ರಿತ್ವಾ ಕೊವಲೈನೆನ್ ಮತ್ತು ಸನ್ನಿ ಸೆಪ್ಪೊ ಎಂಬ ಇಬ್ಬರು ಫಿನ್ನಿಷ್ ಛಾಯಾಗ್ರಾಹಕಿಯರು ಮರ ಮತ್ತು ಮನುಷ್ಯರ ನಂಟನ್ನು ಅರಸಿ ವರ್ಷಗಟ್ಟಲೆ ಅಲೆದು 1997ರಲ್ಲಿ ಒಂದು ಪುಸ್ತಕ ತಂದರು. ಅವರ ಕೆಲಸದಿಂದಲೇ ನನಗೆ ಕರ್ಸಿಕ್ಕೊ ಎಂಬ ಮರಗಳ ಪರಿಚಯವಾದದ್ದು. ಪೂರ್ವ ಫಿನ್ಲೆಂಡಿನ ಸವೊ ಮತ್ತು ಕರೇಲಿಯಾ ಸೀಮೆಗಳಲ್ಲಿ ಶವವನ್ನು ಸ್ಮಶಾನಕ್ಕೆ ಒಯ್ಯುವಾಗ ದಾರಿಯಲ್ಲಿ ನಿಂತು, ಒಂದು ಪೈನ್ ಮರದ ಕೊಂಬೆಗಳನ್ನು ಸವರಿ, ಕಾಂಡದಲ್ಲಿ ಶಿಲುಬೆಯನ್ನೋ ಸತ್ತವರ ಹೆಸರಿನ ಮೊದಲಕ್ಷರಗಳನ್ನೋ ಕೆತ್ತುತ್ತಿದ್ದರು. ಸತ್ತವರು ಮನೆಯ ನೆನಪಾಗಿ ಹಿಂದಿರುಗಿ ಬರುವಾಗ ಆ ಮರವನ್ನು ಕಂಡು, ತಾವು ತೀರಿಕೊಂಡದ್ದು ನೆನಪಾಗಿ, ಅಲ್ಲಿಂದಲೇ ಮರಳುತ್ತಾರೆ ಎಂಬ ನಂಬಿಕೆ. ಬದುಕಿರುವವರಿಗೂ ಇಲ್ಲದವರಿಗೂ ನಡುವೆ ಒಂದು ಮರವು ಮಾತು ಮುಟ್ಟಿಸಬೇಕಾಗಿತ್ತು. ಅಂಥ ಒಂದು ಮರದ ಎದುರು ನಾನು ನಿಂತಿದ್ದೇನೆ. ಕೆತ್ತಿದ ಗುರುತಿನ ಸುತ್ತ ತೊಗಟೆ ತುಟಿಯಂತೆ ಉಬ್ಬಿ ಅರ್ಧ ಮುಚ್ಚಿಕೊಂಡಿತ್ತು. ಆ ಇಬ್ಬರು ಛಾಯಾಗ್ರಾಹಕಿಯರು ಮುಂದೆ ತಮ್ಮ ಕ್ಯಾಮೆರಾವನ್ನು ಕಡಿದು ಬಯಲಾದ ಕಾಡುಗಳತ್ತ ತಿರುಗಿಸಿದ್ದು ನನಗೆ ಸಹಜವಾಗಿ ಕಾಣುತ್ತದೆ. ಮರವನ್ನು ಕೇಳಿಸಿಕೊಳ್ಳಲು ಕಲಿತವರು ಅದು ಇಲ್ಲದ ಜಾಗವನ್ನು ದಾಟಿಕೊಂಡು ಹೋಗಲಾರರು. ಫಿನ್ಲೆಂಡಿನ ಮುಕ್ಕಾಲು ಪಾಲು ನೆಲ ಕಾಡು ಎಂಬುದು ನಿಜ, ಆದರೆ ಅದರಲ್ಲಿ ಬಹುಪಾಲು ಬೆಳೆಸಿ ಕಡಿಯುವ ಕಾಡು. ಕೆಳಹಂತದ ಎಳೆಯ ಸ್ಪ್ರೂಸುಗಳನ್ನು ಸವರಿ ತೆಗೆದಲ್ಲಿ ಕೂಕ್ಕೆಲಿಗೆ ಗೂಡು ಮರೆಮಾಡಲು ಹಸಿರು ಉಳಿಯುವುದಿಲ್ಲ. ದಕ್ಷಿಣ ಫಿನ್ಲೆಂಡಿನ ಹೆಚ್ಚಿನ ಕಡೆಗಳಿಂದ ಅದು ಆಗಲೇ ಮರೆಯಾಗಿದೆ.

ಕೂಸಮೊದ ಆ ಕಾಡಿಗೆ ಕಳೆದ ಚಳಿಗಾಲ ಮತ್ತೆ ಹೋಗಿದ್ದೆ. ಹಿಂದೆ ನಾನು ಬೆಂಕಿ ಹಾಕಿ ಕುಳಿತಿದ್ದ ಜಾಗದಿಂದ ಸ್ವಲ್ಪ ಮೇಲಕ್ಕೆ, ಮರಗಳ ಕಾಂಡಕ್ಕೆ ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ್ದರು. ಎಲ್ಲಿಂದ ಎಲ್ಲಿಯವರೆಗೆ ಕಡಿಯಬೇಕೆಂದು ಯಂತ್ರ ನಡೆಸುವವನಿಗೆ ತಿಳಿಸುವ ಗುರುತು ಅದು. ಪಟ್ಟಿಯ ತುದಿ ಗಾಳಿಗೆ ಪಟಪಟಿಸುತ್ತಿತ್ತು. ನಾನು ಬ್ಯಾಟರಿಯನ್ನು ಜೇಬಿನಿಂದ ತೆಗೆದು ಹಾಕುತ್ತಿದ್ದಾಗ ಕೂಕ್ಕೆಲಿಯೊಂದು ಸದ್ದಿಲ್ಲದೆ ಬಂದು ಪಟ್ಟಿ ಕಟ್ಟಿದ ಮರದ ಕೆಳಗೊಂಬೆಯಲ್ಲಿ ಕುಳಿತಿತು. ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ಆ ಪಟಪಟ ಸದ್ದನ್ನು ಕೇಳಿತು. ಆಮೇಲೆ ಪಟ್ಟಿಯ ತುದಿಯನ್ನು ಕೊಕ್ಕಿನಿಂದ ಹಿಡಿದೆಳೆದು ನೋಡಿ, ಬಿಟ್ಟು, ಅದರ ಹಿಂದಿನ ತೊಗಟೆಯ ಸಂದಿಯಿಂದ ಬೇಸಿಗೆಯಲ್ಲಿ ತಾನೇ ಇಟ್ಟಿದ್ದ ಏನನ್ನೋ ಹೆಕ್ಕಿ ತಿಂದಿತು. ಅದನ್ನು ಚಿತ್ರಿಸಿದ್ದೇನೆ. ಬರುವ ಫೆಬ್ರವರಿಯಲ್ಲಿ ಅದೇ ಜಾಗಕ್ಕೆ ಹೋಗಲು ರಜೆ ಬರೆದಿಟ್ಟಿದ್ದೇನೆ.